ಡೇಟಾಬೇಸ್‌ನ ಮೆಮೊರಿ ಯಾರ ಕೈಯಲ್ಲಿದೆ?

ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ಮತ್ತು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವವರ ಮುಂದೆ ಆಡಿದ ಮಾತಿನ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಕಲಬುರಗಿಯವರ ಜೊತೆಗೆ ಬೀದರ್, ಯಾದಗಿರಿಯಿಂದಲೂ ಬಸ್ಸು ಹತ್ತಿ ಬಂದಿದ್ದೀರಿ. ಪೀಠಿಕೆ ಬೇಡ, ನೇರ ವಿಷಯಕ್ಕೆ ಹೋಗೋಣ.

ಒಂದು ಸರ್ವರ್‌ನ ಮೆಮೊರಿ ಶೇ 92ರಷ್ಟು ತುಂಬಿದೆ ಅಂತ ಮಾನಿಟರಿಂಗ್ ಪರದೆ ಕೆಂಪಾಗಿದೆ ಅಂದುಕೊಳ್ಳಿ. ಏನು ಮಾಡುತ್ತೀರಿ? ಬಹಳ ಜನ ಡೇಟಾಬೇಸನ್ನು ರೀಸ್ಟಾರ್ಟ್ ಮಾಡುತ್ತಾರೆ. ಇಲ್ಲವೇ ಇನ್ನಷ್ಟು ರ‍್ಯಾಮ್ ಬೇಕು ಅಂತ ಮೇಲಿನವರಿಗೆ ಮೇಲ್ ಹಾಕುತ್ತಾರೆ. ಸರಿಯೂ ಇರಬಹುದು, ತಪ್ಪೂ ಇರಬಹುದು. ಬರೀ 92 ಅನ್ನುವ ಅಂಕಿ ಹಿಡಿದು ಅದನ್ನು ಹೇಳಲು ಬರುವುದಿಲ್ಲ. ಆ ಮೆಮೊರಿಯನ್ನು ಹಿಡಿದುಕೊಂಡವರು ಯಾರು? ಬೇಕು ಅಂದಾಗ ಬಿಡುತ್ತಾರಾ? ಬಿಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ? ಇವತ್ತು ಪೂರ್ತಿ ಈ ಪ್ರಶ್ನೆಯನ್ನೇ ಹಿಡಿದುಕೊಂಡು ಮಾತಾಡುತ್ತೇನೆ.

ಉದಾಹರಣೆಗೆ ಕಸಾಂಡ್ರಾ ತೆಗೆದುಕೊಳ್ಳುತ್ತೇನೆ. ಫೇಸ್‌ಬುಕ್‌ನ ಇನ್‌ಬಾಕ್ಸ್‌ನಲ್ಲಿ ಹುಡುಕಾಟ ನಡೆಸುವುದಕ್ಕಾಗಿ ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಕಟ್ಟಿದ ಡೇಟಾಬೇಸ್ ಅದು. 2008ರಲ್ಲಿ ಓಪನ್ ಸೋರ್ಸ್ ಆಯಿತು. 2010ರಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ನ ಮುಖ್ಯ ಪ್ರಾಜೆಕ್ಟ್‌ಗಳ ಸಾಲಿಗೆ ಸೇರಿತು. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಇದು ಜಾವಾದಲ್ಲಿ ಬರೆದದ್ದು. ಹಾಗಾಗಿ ಮೆಮೊರಿಯ ಒಂದು ಪಾಲು ಜಾವಾದ ಕೈಯಲ್ಲಿರುತ್ತದೆ, ಇನ್ನೊಂದು ಪಾಲು ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನ ಕೈಯಲ್ಲಿರುತ್ತದೆ. ಎರಡೂ ಕಡೆಯ ತೊಂದರೆಗಳನ್ನು ಒಂದೇ ಕಡೆ ನೋಡಬಹುದು.

ಡೇಟಾ ನಮ್ಮ ಭಾಗದ್ದೇ ಇರಲಿ. ಕಲಬುರಗಿ, ಆಳಂದ, ಸೇಡಂ, ಚಿತ್ತಾಪುರ, ಜೇವರ್ಗಿ, ಶಹಾಪುರ, ಹುಮನಾಬಾದ್, ಭಾಲ್ಕಿ, ಹೀಗೆ ಎಲ್ಲ ಎಪಿಎಂಸಿಗಳಲ್ಲೂ ಒಂದು ಲಾಟ್ ತೊಗರಿ ಮಾರಾಟವಾದಾಗ ಒಂದು ಸಾಲು ದಾಖಲಾಗುತ್ತದೆ ಅಂತ ಕಲ್ಪಿಸಿಕೊಳ್ಳಿ. 12 ಸರ್ವರ್‌ಗಳ ಕ್ಲಸ್ಟರ್. ಪ್ರತಿ ಸಾಲಿಗೂ 3 ಪ್ರತಿ, ಮೂರೂ ಬೇರೆ ಬೇರೆ ಸರ್ವರ್‌ಗಳಲ್ಲಿ. ತೊಗರಿ ಮುಂಗಾರಿಗೆ ಬಿತ್ತುವ ಬೆಳೆ. ಡಿಸೆಂಬರ್, ಜನವರಿ ಹೊತ್ತಿಗೆ ರಾಶಿ ಆಗಿ ಮಾರುಕಟ್ಟೆಗೆ ಬರುತ್ತದೆ. ವರ್ಷವೆಲ್ಲ ತಣ್ಣಗಿದ್ದ ಕ್ಲಸ್ಟರ್‌ಗೆ ಆ ದಿನಗಳಲ್ಲಿ ಒಮ್ಮೆಗೇ ಕೆಲಸ ಬೀಳುತ್ತದೆ.

ಮೊದಲು ಲಿನಕ್ಸ್ ಹಿಡಿದುಕೊಂಡಿರುವ ಮೆಮೊರಿ ನೋಡೋಣ. ಡಿಸ್ಕ್‌ನಿಂದ ಓದಿದ ಫೈಲುಗಳನ್ನು ಲಿನಕ್ಸ್ ಖಾಲಿ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಪೇಜ್ ಕ್ಯಾಶ್ ಅನ್ನುತ್ತಾರೆ. ಬೇರೆ ಯಾರಾದರೂ ಮೆಮೊರಿ ಕೇಳಿದರೆ ತಕ್ಷಣ ಬಿಟ್ಟುಕೊಡುತ್ತದೆ. ಕಸಾಂಡ್ರಾದ ವೇಗದಲ್ಲಿ ದೊಡ್ಡ ಪಾಲು ಈ ಪೇಜ್ ಕ್ಯಾಶ್‌ನದ್ದು. ಅದು ತುಂಬಿದ್ದರೆ ಖುಷಿಪಡಬೇಕು. ಫ್ರೀ ಅನ್ನುವ ಕಮಾಂಡ್ ಕೊಟ್ಟಾಗ ಬರುವ ಫ್ರೀ ಕಾಲಮ್ ನೋಡಿ ಗಾಬರಿಯಾಗಬೇಡಿ. ಪಕ್ಕದಲ್ಲಿ ಅವೈಲೆಬಲ್ ಅನ್ನುವ ಕಾಲಮ್ ಇರುತ್ತದೆ, ಅದನ್ನು ನೋಡಿ. ಸ್ವಾಪ್‌ಗೆ, ಅಂದರೆ ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಸಾಗಿಸುವುದಕ್ಕೆ, ಹೋಗದೆ ಹೊಸ ಕೆಲಸಕ್ಕೆ ಎಷ್ಟು ಸಿಗಬಹುದು ಅನ್ನುವ ಅಂದಾಜು ಅದು. 2014ರಲ್ಲಿ ಬಂದ 3.14 ಕರ್ನೆಲ್‌ನಿಂದ (ಕರ್ನೆಲ್ ಅಂದರೆ ಲಿನಕ್ಸ್‌ನ ತಿರುಳು) ಈ ಲೆಕ್ಕವನ್ನು ಲಿನಕ್ಸೇ ಕೊಡುತ್ತಿದೆ.

ಟಾಪ್ ಕಮಾಂಡ್‌ನಲ್ಲೂ ಇಂಥದ್ದೇ ಗೊಂದಲ. ಕಸಾಂಡ್ರಾ 5.0ಕ್ಕಿಂತ ಹಿಂದಿನ ಆವೃತ್ತಿಗಳು, ಸೆಟ್ಟಿಂಗ್ ಮುಟ್ಟದಿದ್ದರೆ, ತಮ್ಮ ಡೇಟಾ ಫೈಲುಗಳನ್ನು ಎಂಮ್ಯಾಪ್ ಮಾಡಿ, ಅಂದರೆ ಫೈಲೇ ಮೆಮೊರಿಯ ಭಾಗ ಅನ್ನುವ ಹಾಗೆ ಜೋಡಿಸಿಕೊಂಡು, ಓದುತ್ತವೆ. ಹಾಗಾಗಿ ವರ್ಚುವಲ್ ಕಾಲಮ್‌ನಲ್ಲಿ ಇಡೀ ಡೇಟಾದ ಗಾತ್ರ ಬಂದು ಕೂರುತ್ತದೆ. ರೆಸಿಡೆಂಟ್ ಕಾಲಮ್‌ನಲ್ಲೂ ಈ ಫೈಲುಗಳ ಪುಟಗಳು ಸೇರಿಕೊಳ್ಳುತ್ತವೆ. ಅದನ್ನು ನೋಡಿ ಮೆಮೊರಿ ಲೀಕ್ ಆಗುತ್ತಿದೆ ಅಂತ ತೀರ್ಮಾನಕ್ಕೆ ಬರುವವರು ಬಹಳ ಜನ.

ಇನ್ನು ಜಾವಾ ಹಿಡಿದುಕೊಂಡಿರುವ ಮೆಮೊರಿ, ಅಂದರೆ ಹೀಪ್. ಪ್ರೋಗ್ರಾಮ್ ಓಡುವಾಗ ತನ್ನ ಡೇಟಾ ಇಟ್ಟುಕೊಳ್ಳುವ ಜಾಗ ಅದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಜಾಸ್ತಿ ತೊಂದರೆ ಹುಟ್ಟುವುದು ಇಲ್ಲೇ.

ಜಾವಾ ಪ್ರೋಗ್ರಾಮ್ ಓಡುತ್ತಾ ಇರುವಾಗ ಹೀಪ್ ತುಂಬುತ್ತಾ ಹೋಗುತ್ತದೆ. ಒಂದು ಮಟ್ಟಕ್ಕೆ ಬಂದಾಗ ಗಾರ್ಬೇಜ್ ಕಲೆಕ್ಷನ್ ಬಂದು ಬೇಡದ್ದನ್ನು ಗುಡಿಸುತ್ತದೆ. ಮತ್ತೆ ತುಂಬುತ್ತದೆ. ಗ್ರಾಫ್ ಹಾಕಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಹಲ್ಲಿನ ತುದಿ ಶೇ 85ಕ್ಕೆ ಹೋಯಿತು ಅಂದರೆ ಏನೂ ಅರ್ಥವಿಲ್ಲ. ಗುಡಿಸುವ ಸರದಿ ಇನ್ನೂ ಬಂದಿರಲಿಲ್ಲ, ಅಷ್ಟೇ. ನೋಡಬೇಕಾದದ್ದು ಹಲ್ಲಿನ ಬುಡ. ಗುಡಿಸಿದ ಮೇಲೂ ಎಷ್ಟು ಉಳಿಯಿತು? ಅದು ನಿಜವಾಗಿ ಯಾರೋ ಹಿಡಿದುಕೊಂಡಿರುವ ಮೆಮೊರಿ. ಬುಡ ನಿನ್ನೆ ಶೇ 40 ಇತ್ತು, ಇವತ್ತು 50, ನಾಳೆ 60 ಅಂತ ಮೇಲಕ್ಕೆ ಹತ್ತುತ್ತಿದ್ದರೆ ತುದಿ ಎಲ್ಲೇ ಇರಲಿ, ನಿಮಗೆ ಕೆಲಸ ಬಂತು ಅಂತಲೇ ಲೆಕ್ಕ. ಜಾವಾ ಇದನ್ನು ಜೆಎಂಎಕ್ಸ್, ಅಂದರೆ ತನ್ನ ಒಳಗಿನ ಅಂಕಿಗಳನ್ನು ಹೊರಗೆ ತೋರಿಸುವ ವ್ಯವಸ್ಥೆಯ ಮೂಲಕ ಬೇರೆಯಾಗಿಯೇ ಕೊಡುತ್ತದೆ. ಹೀಪ್‌ನ ಪ್ರತಿ ಮೆಮೊರಿ ಪೂಲ್‌ಗೂ (ಅದರ ಒಂದೊಂದು ಭಾಗಕ್ಕೂ) ಕಲೆಕ್ಷನ್ ಯೂಸೇಜ್ ಅನ್ನುವ ಅಂಕಿ ಇದೆ, ಕಳೆದ ಸಲ ಗುಡಿಸಿದ ಮೇಲೆ ಉಳಿದದ್ದು ಎಷ್ಟು ಅಂತ ಅದು ಹೇಳುತ್ತದೆ. ಇಷ್ಟು ಉಪಯೋಗದ ಅಂಕಿ ಬಹಳ ಕಡೆ ಪರದೆಯ ಮೇಲೇ ಇರುವುದಿಲ್ಲ. ನನಗೆ ಇದು ಬೇಸರದ ಸಂಗತಿ.

ಹಾಗಾದರೆ ಬುಡದಲ್ಲಿ ಕೂತಿರುವವರು ಯಾರು? ಮೊದಲನೆಯದು ಮೆಮ್‌ಟೇಬಲ್. ಹೊಸದಾಗಿ ಬರೆದ ಸಾಲು ಡಿಸ್ಕ್‌ನ ಕಮಿಟ್ ಲಾಗ್‌ಗೆ ಹೋಗುತ್ತದೆ, ಜೊತೆಗೇ ಮೆಮೊರಿಯಲ್ಲಿರುವ ಮೆಮ್‌ಟೇಬಲ್‌ಗೂ ಹೋಗುತ್ತದೆ. ಮೆಮ್‌ಟೇಬಲ್ ಸಾಕಷ್ಟು ತುಂಬಿದಾಗ ಅದನ್ನು ಡಿಸ್ಕ್‌ಗೆ ಇಳಿಸಲಾಗುತ್ತದೆ. ನೀವು ಏನೂ ಬದಲಾಯಿಸದಿದ್ದರೆ ಹೀಪ್‌ನ ಕಾಲು ಭಾಗದವರೆಗೂ ಇದಕ್ಕೆ ಅವಕಾಶ ಇರುತ್ತದೆ. ಮೆಮ್‌ಟೇಬಲ್ ಮೆಮೊರಿ ಬಿಟ್ಟುಕೊಡುತ್ತದೆ, ಆದರೆ ಡಿಸ್ಕ್ ಎಷ್ಟು ಬೇಗ ಬರೆಯುತ್ತದೋ ಅಷ್ಟೇ ಬೇಗ. ಜನವರಿಯ ಬೆಳಗ್ಗೆ ಎಲ್ಲ ಎಪಿಎಂಸಿಗಳಿಂದ ಒಟ್ಟಿಗೇ ಲಾಟ್‌ಗಳು ಬಂದವು, ಡಿಸ್ಕ್ ನಿಧಾನ ಇದೆ ಅಂದರೆ ಮೆಮ್‌ಟೇಬಲ್‌ಗಳು ಇಳಿಯಲು ಸಾಲು ನಿಲ್ಲುತ್ತವೆ. ನೋಡುವವರಿಗೆ ಮೆಮೊರಿ ತೊಂದರೆಯಂತೆ ಕಾಣುತ್ತದೆ. ಬೇರು ಡಿಸ್ಕ್‌ನಲ್ಲಿರುತ್ತದೆ. ಕಸಾಂಡ್ರಾ ಜೊತೆಗೇ ಬರುವ ನೋಡ್‌ಟೂಲ್ ಅನ್ನುವ ಕಮಾಂಡ್‌ನಿಂದ ನೋಡ್‌ಟೂಲ್ ಟಿಪಿಸ್ಟ್ಯಾಟ್ಸ್ ಕೊಟ್ಟು ಮೆಮ್‌ಟೇಬಲ್ ಫ್ಲಶ್ ಸಾಲಿನಲ್ಲಿ ಎಷ್ಟು ಕೆಲಸ ಕಾಯುತ್ತಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಟೇಬಲ್‌ಗಳ ಸಂಖ್ಯೆಯೂ ಮುಖ್ಯ. ಒಂದೊಂದು ಟೇಬಲ್‌ಗೂ ಒಂದೊಂದು ಮೆಮ್‌ಟೇಬಲ್ ಬೇಕಲ್ವಾ? ಎಪಿಎಂಸಿಗೆ ಒಂದು, ವರ್ಷಕ್ಕೆ ಒಂದು ಅಂತ ನೂರಾರು ಟೇಬಲ್ ಮಾಡಿಟ್ಟರೆ ಡೇಟಾ ಇಲ್ಲದೆಯೂ ಹೀಪ್ ಖರ್ಚಾಗುತ್ತದೆ.

ಎರಡನೆಯದು, ಈಗ ಓಡುತ್ತಿರುವ ಕ್ವೆರಿಗಳು, ಅಂದರೆ ಡೇಟಾಬೇಸ್‌ಗೆ ಕೇಳಿದ ಪ್ರಶ್ನೆಗಳು. ಇವು ಮುಗಿಯುವವರೆಗೂ ಬಿಡುವುದಿಲ್ಲ, ಗಾರ್ಬೇಜ್ ಕಲೆಕ್ಷನ್ ಎಷ್ಟು ಸಲ ಬಂದರೂ ಇವನ್ನು ಮುಟ್ಟುವಂತಿಲ್ಲ. ಕ್ವೆರಿ ಎಷ್ಟು ಮೆಮೊರಿ ತಿನ್ನುತ್ತದೆ ಅನ್ನುವುದು ನೀವು ಟೇಬಲ್ ಕಟ್ಟಿದ ರೀತಿಯ ಮೇಲಿದೆ. ತೊಗರಿ ಟೇಬಲ್‌ಗೆ ಪಾರ್ಟಿಷನ್ ಕೀ ಆಗಿ, ಅಂದರೆ ಯಾವ ಸಾಲುಗಳು ಒಟ್ಟಿಗೆ ಒಂದೇ ಕಡೆ ಕೂರಬೇಕು ಅಂತ ನಿರ್ಧರಿಸುವ ಕಾಲಮ್ ಆಗಿ, ಬರೀ ಎಪಿಎಂಸಿ ಹೆಸರು ಇಟ್ಟಿರಿ ಅಂದುಕೊಳ್ಳಿ. ಕಲಬುರಗಿಯ ಎಲ್ಲ ವರ್ಷಗಳ ಎಲ್ಲ ಲಾಟ್‌ಗಳೂ ಒಂದೇ ಪಾರ್ಟಿಷನ್ ಆಗುತ್ತವೆ. ಅದು ಕೂರುವುದು 12ರಲ್ಲಿ ಮೂರೇ ಸರ್ವರ್‌ಗಳ ಮೇಲೆ. ಕಲಬುರಗಿ ತೊಗರಿಯ ಕಣಜ, 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಇಲ್ಲಿನ ಪಾರ್ಟಿಷನ್ ಸಣ್ಣ ಮಾರುಕಟ್ಟೆಯ ಪಾರ್ಟಿಷನ್‌ನ ಎಷ್ಟೋ ಪಟ್ಟು ಬೆಳೆಯುತ್ತದೆ. ಆ ಮೂರು ಸರ್ವರ್‌ಗಳ ಹೀಪ್ ಮಾತ್ರ ಏದುಸಿರು ಬಿಡುತ್ತಿರುತ್ತದೆ, ಉಳಿದ ಒಂಬತ್ತು ಆರಾಮಾಗಿರುತ್ತವೆ. ಒಂದು ಪಾರ್ಟಿಷನ್ 100 ಎಂಬಿ ಒಳಗಿರಲಿ ಅಂತ ಕಸಾಂಡ್ರಾ ಬಳಸುವವರು ಹೇಳುವುದುಂಟು. ನೋಡ್‌ಟೂಲ್ ಟೇಬಲ್‌ಸ್ಟ್ಯಾಟ್ಸ್ ಕೊಟ್ಟರೆ ಅತಿ ದೊಡ್ಡ ಪಾರ್ಟಿಷನ್ ಎಷ್ಟಿದೆ ಅಂತ ತೋರಿಸುತ್ತದೆ. ಕೀಗೆ ಹೆಸರಿನ ಜೊತೆ ತಾರೀಖನ್ನೂ ಸೇರಿಸಿದರೆ ದಿನಕ್ಕೊಂದು ಪಾರ್ಟಿಷನ್ ಆಗುತ್ತದೆ, ಹೊರೆ ಹನ್ನೆರಡೂ ಕಡೆ ಹಂಚಿಹೋಗುತ್ತದೆ. ರ‍್ಯಾಮ್ ಕೊಳ್ಳುವ ಮೊದಲು ಇದನ್ನು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಅಳಿಸಿದ ಡೇಟಾದ ವಿಷಯವೂ ಇದೆ. ಕಸಾಂಡ್ರಾದಲ್ಲಿ ಒಂದು ಸಾಲು ಅಳಿಸಿದರೆ ಅದು ಆಗಲೇ ಹೋಗುವುದಿಲ್ಲ. ಅಳಿಸಲಾಗಿದೆ ಅನ್ನುವ ಗುರುತೊಂದನ್ನು ಬರೆಯುತ್ತದೆ. ಇದಕ್ಕೆ ಟೂಂಬ್‌ಸ್ಟೋನ್ ಅನ್ನುತ್ತಾರೆ. ಸೆಟ್ಟಿಂಗ್ ಮುಟ್ಟದಿದ್ದರೆ ಈ ಗುರುತು ಕಡಿಮೆ ಅಂದರೂ 10 ದಿನ ಇರುತ್ತದೆ. ಆಗ ಡೌನ್ ಆಗಿದ್ದ ಸರ್ವರ್‌ಗೂ ಅಳಿಸಿದ ಸುದ್ದಿ ತಲುಪಬೇಕಲ್ಲ, ಅದಕ್ಕೆ. ಇಂದಿನ ಧಾರಣೆ ಬಂದ ಕೂಡಲೇ ಹಳೆಯದನ್ನು ಅಳಿಸುವ ಆ್ಯಪ್ ಬರೆದರೆ ಏನಾಗುತ್ತದೆ? ಬೇಕಾದ ಒಂದು ಸಾಲು ಹುಡುಕಲು ಸಾವಿರಾರು ಗುರುತುಗಳನ್ನು ಓದಿ ಹೀಪ್‌ನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಒಂದು ಕ್ವೆರಿ 1,000 ಟೂಂಬ್‌ಸ್ಟೋನ್ ದಾಟಿದರೆ ಕಸಾಂಡ್ರಾ ಲಾಗ್‌ನಲ್ಲಿ ಎಚ್ಚರಿಸುತ್ತದೆ, 1,00,000 ದಾಟಿದರೆ ಆ ಕ್ವೆರಿಯನ್ನೇ ನಿಲ್ಲಿಸುತ್ತದೆ. ಆ ಎಚ್ಚರಿಕೆಯ ಸಾಲುಗಳನ್ನು ದಿನಾ ಎಣಿಸಿ. ಮೆಮೊರಿ ಗ್ರಾಫ್ ಕೆಡುವುದಕ್ಕಿಂತ ಎಷ್ಟೋ ಮೊದಲೇ ಅವು ಮಾತಾಡಲು ಶುರು ಮಾಡುತ್ತವೆ.

ಹೀಪ್‌ನ ಹೊರಗೂ ಕಸಾಂಡ್ರಾ ಮೆಮೊರಿ ಹಿಡಿಯುತ್ತದೆ. ಬ್ಲೂಮ್ ಫಿಲ್ಟರ್ ಅದರಲ್ಲಿ ಮುಖ್ಯ. ಕೇಳಿದ ಕೀ ಈ ಫೈಲಿನಲ್ಲಿ ಇಲ್ಲವೇ ಇಲ್ಲ ಅಂತ ಡಿಸ್ಕ್ ಮುಟ್ಟದೆ ಹೇಳುವ ಉಪಾಯ ಅದು. ಶೇ 1ರಷ್ಟು ತಪ್ಪು ಸಾಕು ಅಂದರೆ ಒಂದು ಕೀಗೆ ಸುಮಾರು 10 ಬಿಟ್ ಬೇಕು. 10 ಕೋಟಿ ಕೀಗೆ ಸುಮಾರು 120 ಎಂಬಿ. ಒಂದೇ ಕೀ ನಾಲ್ಕು ಫೈಲಿನಲ್ಲಿದ್ದರೆ ನಾಲ್ಕು ಸಲ ಲೆಕ್ಕ. ಡೇಟಾ ಇರುವವರೆಗೂ ಇದು ಬಿಡುವ ಮೆಮೊರಿ ಅಲ್ಲ, ಡೇಟಾ ಬೆಳೆದ ಹಾಗೆ ಬೆಳೆಯುತ್ತದೆ. ನೋಡ್‌ಟೂಲ್ ಇನ್ಫೋ ಕೊಟ್ಟರೆ ಹೀಪ್ ಎಷ್ಟು, ಹೀಪ್ ಹೊರಗೆ ಎಷ್ಟು ಅಂತ ಎರಡನ್ನೂ ಬೇರೆ ಬೇರೆ ತೋರಿಸುತ್ತದೆ.

ಇಷ್ಟೆಲ್ಲ ಯಾಕೆ, ಹೀಪನ್ನೇ ದೊಡ್ಡದು ಮಾಡಿದರೆ ಆಗದಾ ಅಂತ ಕೇಳಬಹುದು. ಹೀಪ್‌ಗೆ ಕೊಟ್ಟಷ್ಟು ಪೇಜ್ ಕ್ಯಾಶ್‌ಗೆ ಕಡಿಮೆ ಆಗುತ್ತದೆ. ಜೊತೆಗೆ 32 ಜಿಬಿ ಹತ್ತಿರ ಒಂದು ಗಡಿ ಇದೆ. ಅದರ ಕೆಳಗೆ ಜಾವಾ ಒಂದೊಂದು ಪಾಯಿಂಟರನ್ನು 4 ಬೈಟ್‌ನಲ್ಲಿ ಹಿಡಿಸುತ್ತದೆ. ಗಡಿ ದಾಟಿದರೆ 8 ಬೈಟ್ ಬೇಕು. 31 ಜಿಬಿ ಇದ್ದದ್ದನ್ನು 34 ಮಾಡಿದರೆ ಕೈಗೆ ಸಿಗುವ ಜಾಗ ಇನ್ನೂ ಕಡಿಮೆಯೇ ಆಗಬಹುದು.

ಇಲ್ಲಿಯವರೆಗೆ ಒಂದು ಸರ್ವರ್‌ನ ಮಾತಾಯಿತು. ಹನ್ನೆರಡು ಸೇರಿ ಒಂದು ಕ್ಲಸ್ಟರ್ ಆದಾಗ ಏನಾಗುತ್ತದೆ ನೋಡ್ರಿ. ಒಂದು ಸರ್ವರ್‌ನ ಹೀಪ್‌ನಲ್ಲಿ ಹಲ್ಲಿನ ಬುಡವೇ ಮೇಲಿನವರೆಗೆ ಏರಿಬಿಟ್ಟಿದೆ. ಗಾರ್ಬೇಜ್ ಕಲೆಕ್ಷನ್ ಪದೇ ಪದೇ ಬರುತ್ತದೆ, ಗುಡಿಸಲು ಏನೂ ಸಿಗುವುದಿಲ್ಲ. ಕೊನೆಗೆ ಎಲ್ಲ ಕೆಲಸ ನಿಲ್ಲಿಸಿ ದೊಡ್ಡದಾಗಿ ಗುಡಿಸಲು ನಿಲ್ಲುತ್ತದೆ, ಎಷ್ಟೋ ಸೆಕೆಂಡು. ಆ ಹೊತ್ತು ಅದು ಯಾರಿಗೂ ಉತ್ತರ ಕೊಡುವುದಿಲ್ಲ. ಕಸಾಂಡ್ರಾದ ಸರ್ವರ್‌ಗಳು ಸೆಕೆಂಡಿಗೊಮ್ಮೆ ಪರಸ್ಪರ ಸುದ್ದಿ ಹಂಚಿಕೊಳ್ಳುತ್ತವೆ, ಅದೇ ಗಾಸಿಪ್. ಸುದ್ದಿ ಬರದೆ ಹೋದಾಗ ಉಳಿದವು ಇದು ಡೌನ್ ಆಗಿದೆ ಅಂತ ಗುರುತು ಹಾಕುತ್ತವೆ. ಅದಕ್ಕೆ ಹೋಗಬೇಕಿದ್ದ ಬರಹಗಳನ್ನು ಹಿಂಟ್ ಅಂತ ತಮ್ಮ ಬಳಿ ಎತ್ತಿಟ್ಟುಕೊಳ್ಳುತ್ತವೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ 3 ಗಂಟೆಯವರೆಗೆ. ಓದುವ ಹೊರೆ ಉಳಿದ ಎರಡು ಪ್ರತಿಗಳ ಮೇಲೆ ಬೀಳುತ್ತದೆ. ಉತ್ತರ ಕಾಯುತ್ತಾ ನಿಂತ ಕ್ವೆರಿಗಳು ಕಾಯುವಷ್ಟು ಹೊತ್ತೂ ಆ ಸರ್ವರ್‌ಗಳ ಹೀಪ್‌ನಲ್ಲಿ ಜಾಗ ಹಿಡಿದಿರುತ್ತವೆ. ಮೊದಲ ಸರ್ವರ್ ಎದ್ದು ಬಂತು. ಎತ್ತಿಟ್ಟ ಹಿಂಟ್‌ಗಳು ಅದರ ಮೇಲೆ ಬರತೊಡಗುತ್ತವೆ. ಅದರ ಹೀಪ್ ಮೊದಲೇ ತುಂಬಿತ್ತು! ಮತ್ತೆ ನಿಲ್ಲುತ್ತದೆ. ಹೀಗೆ ಒಂದರ ಕಷ್ಟ ಎರಡಕ್ಕೆ, ಎರಡರದ್ದು ನಾಲ್ಕಕ್ಕೆ.

ಆದ್ದರಿಂದ ಗಾರ್ಬೇಜ್ ಕಲೆಕ್ಷನ್‌ಗೆ ಎಷ್ಟು ಹೊತ್ತು ನಿಂತಿತು ಅನ್ನುವುದು ನನಗೆ ಹೀಪ್‌ನ ಶೇಕಡಾಕ್ಕಿಂತ ದೊಡ್ಡ ಅಂಕಿ. 200 ಮಿಲಿಸೆಕೆಂಡ್ ಮೀರಿದ ನಿಲುಗಡೆಯನ್ನು ಕಸಾಂಡ್ರಾ ತಾನಾಗಿಯೇ ಲಾಗ್‌ನಲ್ಲಿ ಬರೆಯುತ್ತದೆ. 1 ಸೆಕೆಂಡ್ ಮೀರಿದರೆ ಎಚ್ಚರಿಕೆ ಅಂತ ಬರೆಯುತ್ತದೆ. ಯಾವ ಹೊಸ ಸಾಫ್ಟ್‌ವೇರ್ ಹಾಕದೆಯೂ ಇದು ನಿಮ್ಮ ಬಳಿ ಇದೆ.

ಈಗ ಸರಾಸರಿಯ ವಿಷಯ. ನಮ್ಮ 12 ಸರ್ವರ್‌ಗಳಲ್ಲಿ 11 ಶೇ 55ರಲ್ಲಿವೆ, ಒಂದು ಶೇ 98ರಲ್ಲಿದೆ. ಸರಾಸರಿ ಸುಮಾರು 59. ಪರದೆ ಹಸಿರು. ಒಳಗೆ ಒಂದು ಸರ್ವರ್ ಬೀಳುವ ಹಂತದಲ್ಲಿದೆ, ಅದರ ಹಿಂದೆ ಇನ್ನೆರಡು ಬೀಳಲಿವೆ. ಬೀದರ್‌ನವರು ನೌಬಾದ್‌ನ ಕಾರೇಜ್ ನೋಡಿರುತ್ತೀರಿ. ಬಹಮನಿ ಕಾಲದ ನೆಲದಡಿಯ ನೀರಿನ ಸುರಂಗ, ಅದರ ಉದ್ದಕ್ಕೂ ಮೇಲಿಂದ ಇಳಿಬಿಟ್ಟ ಬಾವಿಯಂಥ ಕಿಂಡಿಗಳು. ಸುರಂಗ ನಡುವೆ ಎಲ್ಲೋ ಹೂಳು ತುಂಬಿ ಕಟ್ಟಿಕೊಂಡರೆ ಅದರ ಹಿಂದಿನ ಕಿಂಡಿಯಲ್ಲಿ ನೀರು ಏರುತ್ತದೆ, ಮುಂದಿನ ಕಿಂಡಿ ಒಣಗುತ್ತದೆ. ಎಲ್ಲ ಕಿಂಡಿಗಳ ನೀರನ್ನು ಕೂಡಿಸಿ ಭಾಗಿಸಿದವನಿಗೆ ಏನೂ ಕಾಣುವುದಿಲ್ಲ. ಪ್ರತಿ ಕಿಂಡಿಗೂ ಬಗ್ಗಿ ನೋಡಿದವನಿಗೆ ಹೂಳು ಯಾವ ಎರಡರ ನಡುವೆ ಇದೆ ಅಂತಲೇ ತಿಳಿಯುತ್ತದೆ. ಹಾಗಾಗಿ ಪ್ರತಿ ಸರ್ವರ್‌ಗೂ ಬೇರೆ ಗೆರೆ ಎಳೆಯಿರಿ. ಒಂದೇ ಗೆರೆ ಹಾಕಲೇಬೇಕು ಅಂದರೆ ಅತಿ ಹೆಚ್ಚಿನದ್ದನ್ನು ಹಾಕಿ. ಅತಿ ಹೆಚ್ಚಿನದ್ದಕ್ಕೂ ನಡುವಿನದ್ದಕ್ಕೂ ಎಷ್ಟು ಅಂತರ ಅಂತ ಇನ್ನೊಂದು ಗೆರೆ ಇಟ್ಟರೆ ಇನ್ನೂ ಒಳ್ಳೆಯದು. ತೊಗರಿ ಟೇಬಲ್‌ನ ಕೀ ತಪ್ಪಿದ್ದು ಮೊದಲು ಕಾಣುವುದು ಆ ಗೆರೆಯಲ್ಲೇ.

ಅಲರ್ಟ್‌ಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಮೆಮೊರಿ ಶೇ 80 ದಾಟಿತು ಅಂತ ರಾತ್ರಿ ಎರಡು ಗಂಟೆಗೆ ಫೋನ್ ಬಡಿಯುವ ಅಲರ್ಟ್ ತೆಗೆದುಹಾಕಿ. ಮೊಂಗೋಡಿಬಿ ಅನ್ನುವ ಇನ್ನೊಂದು ಡೇಟಾಬೇಸ್‌ನ ಉದಾಹರಣೆ ಕೊಡುತ್ತೇನೆ. ಡೇಟಾ ಇಡುವ ಅದರ ಒಳಗಿನ ಎಂಜಿನ್ ವೈರ್ಡ್‌ಟೈಗರ್‌ನ ಕ್ಯಾಶ್, ನೀವು ಬೇರೆ ಹೇಳದಿದ್ದರೆ, ರ‍್ಯಾಮ್‌ನಿಂದ 1 ಜಿಬಿ ಕಳೆದು ಉಳಿದದ್ದರ ಅರ್ಧ ತೆಗೆದುಕೊಳ್ಳುತ್ತದೆ. 16 ಜಿಬಿ ಯಂತ್ರದಲ್ಲಿ 7.5 ಜಿಬಿ. ಅದು ತನ್ನ ಕ್ಯಾಶನ್ನು ಶೇ 80ರ ಆಸುಪಾಸಿನಲ್ಲೇ ಇಟ್ಟುಕೊಳ್ಳುವಂತೆ ಕಟ್ಟಿದ್ದಾರೆ. ಅಂದರೆ ಆ ಕ್ಯಾಶ್‌ಗೆ ಶೇ 80ರ ಅಲರ್ಟ್ ಇಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ನಿಮ್ಮ ಫೋನ್ ಬಡಿಯುತ್ತದೆ. ನಾಲ್ಕು ರಾತ್ರಿ ಸುಮ್ನೆ ಎಬ್ಬಿಸಿದ ಅಲರ್ಟನ್ನು ಐದನೇ ರಾತ್ರಿ ಯಾರೂ ನೋಡುವುದಿಲ್ಲ, ಬೆಂಕಿ ಬೀಳುವುದು ಆ ರಾತ್ರಿಯೇ.

ರಾತ್ರಿ ಎಬ್ಬಿಸಲು ಕಾರಣ ಆಗಬೇಕಾದದ್ದು ಬಳಕೆದಾರರಿಗೆ ತಟ್ಟುವ ಸಂಗತಿ. ಗಾರ್ಬೇಜ್ ಕಲೆಕ್ಷನ್ ನಿಲುಗಡೆ ಸೆಕೆಂಡುಗಟ್ಟಲೆ ಆಯಿತು, ಒಂದು ಸರ್ವರ್ ಪದೇ ಪದೇ ಡೌನ್ ಆಗಿ ಏಳುತ್ತಿದೆ, ಸ್ವಾಪ್ ಶುರುವಾಯಿತು, ಇಂಥವು. ಸ್ವಾಪ್ ಅಂದ ಕೂಡಲೇ ಹೇಳಿಬಿಡುತ್ತೇನೆ, ಕಸಾಂಡ್ರಾ ಸರ್ವರ್‌ನಲ್ಲಿ ಸ್ವಾಪ್ ಬಂದ್ ಮಾಡಿ. ಅರ್ಧ ಹೀಪ್ ಡಿಸ್ಕ್‌ನಲ್ಲಿ ಕೂತ ಸರ್ವರ್ ಸತ್ತಿಲ್ಲ, ಬದುಕಿಯೂ ಇಲ್ಲ. ಪೂರ್ತಿ ಬಿದ್ದ ಸರ್ವರನ್ನು ಉಳಿದವು ಬಿಟ್ಟು ಮುಂದೆ ಹೋಗುತ್ತವೆ, ತೆವಳುವ ಸರ್ವರ್‌ಗೆ ಮಾತ್ರ ಕಾಯುತ್ತಾ ಕೂರುತ್ತವೆ.

ನಿಧಾನವಾಗಿ ಏರುವ ಅಂಕಿಗಳಿಗೆ ಹಗಲಿನ ಅಲರ್ಟ್ ಸಾಕು. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದ ಪ್ರೊಮಿಥಿಯಸ್ ಅನ್ನುವ ಮಾನಿಟರಿಂಗ್ ಸಾಫ್ಟ್‌ವೇರ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಕಳೆದ ಕೆಲವು ದಿನಗಳ ಏರಿಕೆ ಹೀಗೇ ಮುಂದುವರಿದರೆ ಮಿತಿ ಮುಟ್ಟುವುದು ಯಾವಾಗ ಅಂತ ಅಂದಾಜು ಮಾಡಲು ಅದರಲ್ಲಿ ಪ್ರೆಡಿಕ್ಟ್ ಲೀನಿಯರ್ ಅನ್ನುವ ಫಂಕ್ಷನ್ ಇದೆ. ಬ್ಲೂಮ್ ಫಿಲ್ಟರ್‌ನಂಥ, ಡೇಟಾದ ಜೊತೆ ಬೆಳೆಯುವ ಮೆಮೊರಿಗೆ ಅದನ್ನು ಹಾಕಿ. ಹೀಪ್‌ನ ತುದಿಗೆ ಹಾಕಬೇಡಿ, ಗರಗಸದ ಹಲ್ಲಿಗೆ ನೇರ ಗೆರೆ ಎಳೆದು ಪ್ರಯೋಜನ ಇಲ್ಲ. ಲಿನಕ್ಸ್ ಕಡೆಯಿಂದ ನನಗೆ ಬಹಳ ಇಷ್ಟವಾದದ್ದು 4.20 ಕರ್ನೆಲ್‌ನಲ್ಲಿ, 2018ರ ಕೊನೆಗೆ ಬಂದ ಪ್ರೆಶರ್ ಸ್ಟಾಲ್ ಮಾಹಿತಿ. ಮೆಮೊರಿ ಸಿಗದೆ ಕೆಲಸಗಳು ಕಾದ ಹೊತ್ತು ಶೇಕಡಾ ಎಷ್ಟು ಅಂತ ನೇರವಾಗಿ ಹೇಳುತ್ತದೆ. ನಾವು ಇಷ್ಟು ಹೊತ್ತು ಕೇಳುತ್ತಿದ್ದ ಪ್ರಶ್ನೆಗೆ ಲಿನಕ್ಸ್ ಕೊಡುವ ಅತಿ ಹತ್ತಿರದ ಉತ್ತರ ಅದು.

ಕಂಟೇನರ್‌ನಲ್ಲಿ, ಅಂದರೆ ಮಿತಿ ಹಾಕಿದ ಪ್ರತ್ಯೇಕ ಡಬ್ಬಿಯಂಥ ಜಾಗದಲ್ಲಿ, ಡೇಟಾಬೇಸ್ ಓಡಿಸುವವರಿಗೆ ಒಂದು ಮಾತು. ಕಂಟೇನರ್‌ಗೆ 16 ಜಿಬಿ ಮಿತಿ ಇಟ್ಟು ಹೀಪ್‌ಗೂ 16 ಜಿಬಿ ಕೊಟ್ಟರೆ ಅದು ಒಂದಲ್ಲ ಒಂದು ದಿನ ಸಾಯುತ್ತದೆ. ಹೀಪ್ ಹೊರಗಿನದ್ದು, ಥ್ರೆಡ್‌ಗಳದ್ದು ಎಲ್ಲ ಸೇರಿ ಆ ಮಿತಿಯೊಳಗೆ ಹಿಡಿಸಬೇಕು. ಆಗ ಜಾವಾದ ಲಾಗ್‌ನಲ್ಲಿ ಒಂದು ಸಾಲೂ ಸಿಗುವುದಿಲ್ಲ, ಏಕೆಂದರೆ ಕೊಂದದ್ದು ಕರ್ನೆಲ್. ಕಂಟೇನರ್ ನಿಂತಾಗ ಬರುವ ಎಕ್ಸಿಟ್ ಕೋಡ್ 137 ಅಂತ ಕಂಡರೆ ಕರ್ನೆಲ್‌ನ ಲಾಗ್ ನೋಡಿ. ಜಾವಾ ತಾನೇ ಮೆಮೊರಿ ಸಾಲದು ಅಂದದ್ದು ಬೇರೆ, ಕರ್ನೆಲ್ ಕೊಂದದ್ದು ಬೇರೆ. ಮದ್ದೂ ಬೇರೆ ಬೇರೆ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬರು ಕೇಳಿದರು, "ಮೇಡಂ, ರೀಸ್ಟಾರ್ಟ್ ಮಾಡಿದರೆ ಮೆಮೊರಿ ಕಡಿಮೆ ಆಗ್ತದಲ್ರಿ, ಮತ್ತೆ ತಪ್ಪೇನು?" ಕಡಿಮೆ ಆಗುತ್ತದೆ. ಆದರೆ ಯಾರು ಹಿಡಿದುಕೊಂಡಿದ್ದರು ಅನ್ನುವ ಸಾಕ್ಷಿಯೂ ಅದರ ಜೊತೆ ಹೋಗುತ್ತದೆ. ರೀಸ್ಟಾರ್ಟ್ ಮಾಡಲೇಬೇಕು ಅಂದರೆ ಮೊದಲು ಹೀಪ್ ಡಂಪ್, ಅಂದರೆ ಹೀಪ್‌ನಲ್ಲಿರುವುದೆಲ್ಲದರ ನಕಲು, ತೆಗೆದಿಡಿ. ಡಂಪ್ ತೆಗೆಯುವಾಗ ಸರ್ವರ್ ನಿಲ್ಲುತ್ತದೆ, ಹೀಪ್‌ನಷ್ಟೇ ದೊಡ್ಡ ಫೈಲ್ ಬರಬಹುದು, ಹಾಗಾಗಿ ಡಿಸ್ಕ್‌ನಲ್ಲಿ ಜಾಗ ನೋಡಿಕೊಳ್ಳಿ. ಅದರಲ್ಲಿ ಜನರ ನಿಜವಾದ ಡೇಟಾ ಇರುತ್ತದೆ, ಎಲ್ಲರಿಗೂ ಕಳಿಸುವ ಫೈಲ್ ಅಲ್ಲ. ರೀಸ್ಟಾರ್ಟ್ ಆದ ಮೇಲೆ ಕ್ಯಾಶ್‌ಗಳು ಮತ್ತೆ ತುಂಬುವವರೆಗೆ ಓದುವಿಕೆ ನಿಧಾನ ಇರುತ್ತದೆ ಅನ್ನುವುದೂ ನೆನಪಿರಲಿ.

ಯಾದಗಿರಿಯಿಂದ ಬಂದಿದ್ದ ಹುಡುಗಿಯ ಪ್ರಶ್ನೆ ನನಗೆ ಬಹಳ ಹಿಡಿಸಿತು. "ನಮ್ಮ ಹತ್ರ 12 ಸರ್ವರ್ ಎಲ್ಲಿಂದ ಬರ್ತಾವ ಮೇಡಂ? 8 ಜಿಬಿ ಲ್ಯಾಪ್‌ಟಾಪ್ ಅದ. ಇದನ್ನ ಹ್ಯಾಂಗ ಕಲೀಬೇಕು?"

ಅಷ್ಟು ಸಾಕಮ್ಮ. ಕಂಟೇನರ್ ಓಡಿಸುವ ಡಾಕರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮೂರು ಕಸಾಂಡ್ರಾ ಕಂಟೇನರ್ ಎಬ್ಬಿಸು. ತಲಾ 1.5 ಜಿಬಿ ಮಿತಿ, ಹೀಪ್ 512 ಎಂಬಿ ಇರಲಿ. ಮೂರನ್ನೂ ಒಟ್ಟಿಗೇ ಎಬ್ಬಿಸಬೇಡ, ಒಂದು ಪೂರ್ತಿ ಎದ್ದ ಮೇಲೆ ಇನ್ನೊಂದು. ಪ್ರತಿಗಳ ಸಂಖ್ಯೆ 3 ಇಟ್ಟು ತೊಗರಿ ಟೇಬಲ್ ಮಾಡು. ಕಸಾಂಡ್ರಾ ಸ್ಟ್ರೆಸ್ ಅನ್ನುವ ಉಪಕರಣ ಜೊತೆಗೇ ಬರುತ್ತದೆ, ಅದರಿಂದ ಬರಹಗಳನ್ನು ಸುರಿ. ನೋಡ್‌ಟೂಲ್ ಇನ್ಫೋ ಕೊಡುವ ಹೀಪ್ ಅಂಕಿ ಏರಿ ಇಳಿಯುವುದನ್ನು ನೋಡು. ಆಮೇಲೆ ಡಾಕರ್ ಪಾಸ್ ಕಮಾಂಡ್‌ನಿಂದ ಒಂದು ಕಂಟೇನರನ್ನು ಅರ್ಧ ನಿಮಿಷ ಹೆಪ್ಪುಗಟ್ಟಿಸು. ಗಾರ್ಬೇಜ್ ಕಲೆಕ್ಷನ್‌ಗೆ ನಿಂತ ಸರ್ವರ್ ಹೊರಗಿನವರಿಗೆ ಕಾಣುವುದು ಹಾಗೆಯೇ. ಇನ್ನೊಂದು ಕಂಟೇನರ್‌ನಲ್ಲಿ ನೋಡ್‌ಟೂಲ್ ಸ್ಟೇಟಸ್ ಕೊಡುತ್ತಾ ಇರು. ಹೆಪ್ಪುಗಟ್ಟಿದ ಕಂಟೇನರ್‌ನ ಮುಂದಿದ್ದ ಯುಎನ್ (ಅಪ್, ನಾರ್ಮಲ್) ಹೋಗಿ ಡಿಎನ್ (ಡೌನ್, ನಾರ್ಮಲ್) ಆಗುತ್ತದೆ. ಬರಹಗಳನ್ನು ನಿಲ್ಲಿಸಬೇಡ. ಅನ್‌ಪಾಸ್ ಮಾಡಿದ ಮೇಲೆ ಉಳಿದ ಎರಡರ ಲಾಗ್ ತೆರೆದು ಹಿಂಟ್ ಅನ್ನುವ ಸಾಲು ಹುಡುಕು, ಅದೇ ಹೊತ್ತಿಗೆ ಎದ್ದು ಬಂದ ಕಂಟೇನರ್‌ನ ಹೀಪ್ ಎಷ್ಟಕ್ಕೆ ಹೋಯಿತು ಅಂತ ಬರೆದಿಟ್ಟುಕೋ.